ಸೋಪಿಗೂ ಹೋಗದ ಹಳದಿ

ನನ್ನ ತಂಗಿ ಕಸ್ತೂರಿಗೆ ಎದೆಯ ಕ್ಯಾನ್ಸರ್. ಕಳೆದ ಶ್ರಾವಣದಲ್ಲಿ ಆಪರೇಷನ್ ಆಯಿತು, ದಸರೆಯಿಂದ ಮಾತ್ರೆಯ ಚಿಕಿತ್ಸೆ. ಈ ಮಹಾನಗರದ ಆಂಟಾಪ್ ಹಿಲ್‌ನ ಚಾಳಿನಲ್ಲಿರುವ ನಮ್ಮ ಒಂದು ಕೋಣೆಯ ಖೋಲಿಯಲ್ಲೇ ಇಟ್ಟುಕೊಂಡಿದ್ದೆ. ಎಲ್ಲಮ್ಮನ ಒಕ್ಕಲಿನವರಾದ ನಿಮಗೆ ಹೇಳಬೇಕೇ? ಊರಿಂದ ದೇವಿಯ ಅರಿಶಿನ ಭಂಡಾರ ತರಿಸಿ ದಿನಾ ಬೆಳಿಗ್ಗೆ ಆಕೆಯ ಹಣೆ, ಕೆನ್ನೆ, ತೋಳಿಗೆಲ್ಲ ಹಚ್ಚಿ, "ತಾಯಿ, ಇವಳೊಬ್ಬಳನ್ನು ಉಳಿಸಿಕೊಡು" ಎಂದು ಬೇಡುತ್ತಿದ್ದೆ.

ಎರಡು ತಿಂಗಳಿಗೆ ಊಟ ಸೇರದಾಯಿತು. ಮೈಯೆಲ್ಲ ತುರಿಕೆ. "ಅಕ್ಕಾ, ಏಳಾಕ ಆಗವಲ್ದು" ಎಂದು ಮಲಗಿಯೇ ಇರುತ್ತಿದ್ದಳು. ಮಾತ್ರೆಯ ಉಷ್ಣ ಎಂದುಕೊಂಡೆ. ಕಣ್ಣು ಹಳದಿಯಾದಾಗ ಭಂಡಾರ ಬಿದ್ದಿರಬೇಕು ಎಂದುಕೊಂಡೆ. ಭಕ್ತಿ ಸಾಲದೆಂದು ಇನ್ನಷ್ಟು ಹಚ್ಚಿದೆ, ನೋಡಿ ನನ್ನ ಬುದ್ಧಿ! ಆಸ್ಪತ್ರೆಗೆ ತೋರಿಸುವ ತಾರೀಖಿಗೆ ಇನ್ನೂ ಹತ್ತು ದಿನವಿತ್ತು.

ಒಂದು ಮಂಗಳವಾರ ದೇವಿಯನ್ನು ಹೊತ್ತ ಜೋಗಮ್ಮ ನಮ್ಮ ಚಾಳಿಗೆ ಬಂದಳು. "ನಿನ್ನ ಕೈಲೆ ತಂಗಿಗೆ ಭಂಡಾರ ಹಚ್ಚವಾ" ಎಂದು ಕಾಲಿಗೆ ಬಿದ್ದೆ.

"ಹಳೇದರ ಮ್ಯಾಲ ಹಚ್ಚಂಗಿಲ್ಲ. ಮಾರಿ ತೊಳಸಿ ಕರ್ಕೊಂಬಾ."

ಸೋಪು ಹಚ್ಚಿ ತೊಳೆದೆ. ಟವೆಲ್ ಹಳದಿಯಾಯಿತು, ಮುಖದ ಹಳದಿ ಹೋಗಲಿಲ್ಲ. ಮತ್ತೆ ತಿಕ್ಕಿದೆ. ಜೋಗಮ್ಮ ಆಕೆಯನ್ನು ಬಾಗಿಲ ಬೆಳಕಿಗೆ ಕರೆದು ರೆಪ್ಪೆ ಎಳೆದು ನೋಡಿದಳು.

"ಇದು ನಮ್ಮವ್ವನ ಭಂಡಾರ ಅಲ್ಲವಾ, ಕಾಮಣಿ ಐತಿ. ಮೊದಲ ದವಾಖಾನಿಗೆ ನಡೀರಿ."

ನನ್ನದು ಮೊದಲೇ ಕೆಟ್ಟ ಸಿಟ್ಟು, ಕಾಮಾಲೆ ಎಂದದ್ದೇ ಕೆರಳಿತು. "ಹರಸು ಅಂದ್ರ ಅಪಶಕುನ ನುಡಿತೀಯಲ್ಲ!" ಎಂದು ರೇಗಿದೆ.

"ಬೈಯಾದು ಆಮ್ಯಾಲ ಬೈ. ಈಗ ಟ್ಯಾಕ್ಸಿ ಕರಿ" ಎಂದಳು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ನೋಡಿದ ಡಾಕ್ಟರು ಮಾತ್ರೆ ಅಲ್ಲಿಗೇ ನಿಲ್ಲಿಸಿದರು. ಆ ಔಷಧಿಯೇ ಲಿವರ್‌ಗೆ ಏಟು ಕೊಟ್ಟಿತ್ತು. "ಅಚ್ಛಾ ಹುವಾ, ಆಜ್ ಹೀ ಲೇ ಆಯೇ" ಎಂದರು; ಇವತ್ತೇ ಕರೆತಂದದ್ದು ಒಳ್ಳೆಯದಾಯಿತಂತೆ. ಹತ್ತು ದಿನ ಕಾಯ್ದಿದ್ದರೆ ಏನಾಗುತ್ತಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ನನ್ನ ಹಳದಿ ಬೆರಳುಗಳನ್ನು ನೋಡಿಕೊಂಡೆ. ತಂಗಿಯ ಕಾಯಿಲೆಯನ್ನು ಕೈಯಾರೆ ಮುಚ್ಚಿಟ್ಟಿದ್ದೆ. "ತಪ್ಪಾಯ್ತು ತಾಯಿ, ನನ್ನ ತಪ್ಪಿಗೆ ಅವಳನ್ನು ಒಯ್ಯಬೇಡ" ಎಂದು ಅತ್ತೆ.

ಹನ್ನೆರಡು ದಿನ ವಾರ್ಡಿನಲ್ಲಿದ್ದೆವು. ಲಿವರ್ ನಿಧಾನಕ್ಕೆ ಸುಧಾರಿಸಿತು. ಈಗ ಬೇರೆ ಔಷಧಿ ನಡೆದಿದೆ. ಕ್ಯಾನ್ಸರ್ ಪೂರ್ತಿ ಹೋಯಿತು ಎನ್ನಲಾರೆ, ಆದರೆ ತಂಗಿ ಎದ್ದು ಓಡಾಡುತ್ತಾಳೆ. ತಾಯಿ ನನ್ನ ಮಾತು ಕೇಳಿಸಿಕೊಂಡೇ ಆ ಜೋಗಮ್ಮನನ್ನು ಕಳಿಸಿದ್ದಳು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಮೊನ್ನೆ ಮಂಗಳವಾರ ಜೋಗಮ್ಮ ಮತ್ತೆ ಬಂದಳು. ಕಸ್ತೂರಿ ತಾನೇ ಮುಖ ತೊಳೆದು ಬಂದು, "ನಮ್ಮಕ್ಕ ಗ್ವಾಡಿಗೆ ಬಣ್ಣ ಬಳದಂಗ ಬಳೀತಾಳ, ನೀ ಒಂಚೂರ ಹಚ್ಚವಾ" ಎಂದು ನಕ್ಕಳು. ಒರೆಸಿದ ಟವೆಲ್ ಬೆಳ್ಳಗಿತ್ತು, ಕಣ್ಣೂ ಬೆಳ್ಳಗಿತ್ತು. ಜೋಗಮ್ಮ ಹಣೆಗೆ ಚಿಟಿಕೆ ಭಂಡಾರವಿಟ್ಟಳು. ನಾನು ತಾಯಿಗೆ ಜಯಕಾರ ಹಾಕಿ "ಉಧೋ" ಎನ್ನಲು ಬಾಯಿ ತೆರೆದೆ, ಅಳುವೇ ಹೊರಬಂತು. ಇದನ್ನು ಓದಿದ ನೀವು ನನ್ನ ಪರವಾಗಿ ಒಮ್ಮೆ ಉಧೋ ಅನ್ನಿ.