ಎಡತೋಳಿನ ಹಸಿರು ಕಲೆ

ಹಂಚಿನಾಳ ಸರ್ ಕೈಗೆ ಯಾವ ಕಾಗದ ಬಂದರೂ ಮೊದಲು ಅದರ ಮೇಲೆ ಎರಡು ಉದ್ದ ಗೆರೆ ಎಳೆಯುತ್ತಿದ್ದರು. ಮದುವೆ ಪತ್ರಿಕೆಯ ಹಿಂಬದಿಯಾಗಲಿ, ಔಷಧಿ ಅಂಗಡಿಯ ಚೀಟಿಯಾಗಲಿ, ವಡಾಪಾವ್ ಕಟ್ಟಿಕೊಟ್ಟ ಪೇಪರಿನ ತುಂಡಾಗಲಿ, ಬಿಡುತ್ತಿರಲಿಲ್ಲ. ಎರಡು ಗೆರೆ ಎಳೆದರೆ ಮೂರು ಮನೆ. ಮೊದಲನೆಯದು ಕಂಡದ್ದು, ಎರಡನೆಯದು ಕೇಳಿದ್ದು, ಮೂರನೆಯದು ಅಂದುಕೊಂಡದ್ದು. ಮನುಷ್ಯ ಆಡುವ ಮಾತೆಲ್ಲ ಈ ಮೂರರಲ್ಲಿ ಒಂದರಲ್ಲಿ ಕೂರಲೇಬೇಕು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಹೆಂಡತಿ ಕಸ್ತೂರಿಬಾಯಿಯವರು ಒಳಗಿನಿಂದ "ಹಾಲು ಕೆಟ್ಟದ ನೋಡ್ರಿ" ಎಂದು ಕೂಗಿದರೆ, ಇವರು ಹೊರಗಿನಿಂದ "ಕಂಡಿಯೋ, ಕೇಳಿದಿಯೋ, ಅನ್ಕೊಂಡಿಯೋ?" ಎನ್ನುತ್ತಿದ್ದರು. "ಕುಡಿದು ನೋಡ್ರಿ, ತಿಳೀತದ" ಎಂದು ಆಕೆ ಲೋಟವನ್ನೇ ತಂದು ಮುಂದಿಡುತ್ತಿದ್ದರು.

ಸರ್ ವಿಜಾಪುರದ ಕಡೆಯವರು. ಸೈನ್ಯದ ಗುಪ್ತಚರ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು, ಪುಣೆಯಲ್ಲೇ ನಿಂತು, ನದಿಯಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. ಗುಪ್ತಚರ ಅಧ್ಯಯನ, ಅಪರಾಧ ನ್ಯಾಯ, ಆತ್ಮರಕ್ಷಣೆ, ಮೂರೂ ಅವರದೇ. ನಾನು ಪುಣೆಯ ಖಡಕಿಯಲ್ಲೇ ಬೆಳೆದ ಕನ್ನಡದವಳು, ಅಪ್ಪ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ಡಿಪ್ಲೊಮಾಕ್ಕೆ ಸೇರಿದಾಗ ನಮ್ಮ ಓಣಿಯವರು "ಹುಡುಗಿ ಪೊಲೀಸ್ ಆಗ್ತಾಳಂತ" ಎಂದು ನಕ್ಕಿದ್ದರು. ತರಗತಿಯಲ್ಲಿ ಪಾಠ ನಡೆಯುವುದು ಮರಾಠಿ, ಇಂಗ್ಲಿಷಿನಲ್ಲಿ. ವರಾಂಡಕ್ಕೆ ಬಂದರೆ ಮಾತ್ರ ಸರ್ "ಏನವಾ ಸುಮಂಗಲಾ, ಉಂಡಿ?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಸುಮ್ಮಸುಮ್ಮನೆ ವರಾಂಡದಲ್ಲಿ ಸುಳಿದಾಡುತ್ತಿದ್ದೆ.

ಆತ್ಮರಕ್ಷಣೆ ಎಂದರೆ ಮೊದಲ ದಿನವೇ ಯಾರನ್ನಾದರೂ ಎತ್ತಿ ಒಗೆಯುವುದು ಎಂದುಕೊಂಡು ನಾವು ಹುಡುಗಿಯರು ದುಪಟ್ಟಾ ಬಿಗಿದು ನಿಂತಿದ್ದೆವು. ಸರ್ ಒಂದು ವಾರ ಪೂರ್ತಿ ನಮಗೆ ಹಿಂದಕ್ಕೆ ಹೆಜ್ಜೆ ಇಡುವುದನ್ನೇ ಕಲಿಸಿದರು. ಎರಡು ಹೆಜ್ಜೆ ಹಿಂದೆ, ಮತ್ತೆ ಎರಡು ಹೆಜ್ಜೆ ಹಿಂದೆ. "ಇದರಾಗ ಏನದರಿ ಸರ್, ಎಮ್ಮಿನೂ ಹಿಂದ ಸರೀತದ" ಎಂದು ನಾನು ಗೊಣಗಿದ್ದು ಅವರ ಕಿವಿಗೆ ಬಿತ್ತು. "ಎಮ್ಮಿ ಸರೀತದವಾ. ಮನಶ್ಯಾ ಸರಿಯಂಗಿಲ್ಲ. ಹೊಡಿಯೂದು ಒಂದ ದಿನದಾಗ ಕಲಿಸ್ತೀನಿ. ಹಿಂದ ಸರಿಯೂದು ಕಲಿಯಾಕ ಭಾಳ ದಿನ ಬೇಕು" ಎಂದರು. ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಪ್ರತಿ ವರ್ಷ ಜುಲೈನಲ್ಲಿ ಅವರು ಒಂದು ನಾಟಕ ಆಡಿಸುತ್ತಿದ್ದರು. ಅದು ನಾಟಕ ಎಂದು ಹುಡುಗರಿಗೆ ಮೊದಲೇ ಗೊತ್ತಿರುವುದಿಲ್ಲ. ಪಾಠ ನಡೆಯುತ್ತಿರುವಾಗ ಧಡಕ್ಕನೆ ಬಾಗಿಲು ತೆರೆದು, ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಒಳನುಗ್ಗಿ, ಮೇಜಿನ ಮೇಲಿದ್ದ ಸರ್ ಚೀಲ ಕಿತ್ತುಕೊಂಡು ಓಡಿಬಿಡುತ್ತಿದ್ದ. ನಾವು ಕಿರುಚಿ ಮುಗಿಸುವಷ್ಟರಲ್ಲಿ ಸರ್ ತಣ್ಣಗೆ ಕಾಗದ ಹಂಚಿ, "ಕಂಡದ್ದು ಬರೀರಿ" ಎನ್ನುತ್ತಿದ್ದರು. ನಮ್ಮ ವರ್ಷ ಮೂವತ್ತು ಜನ ಮೂವತ್ತು ಥರ ಬರೆದರು. ಒಬ್ಬನಿಗೆ ಅವನು ಕುಳ್ಳ, ಇನ್ನೊಬ್ಬಳಿಗೆ ಆರಡಿ ಎತ್ತರ. ಒಬ್ಬ ಅವನ ಕೈಗೆ ಚಾಕುವನ್ನೂ ಕೊಟ್ಟಿದ್ದ. ನಾನು ಬರೆದದ್ದು: ಖಾಕಿ ಅಂಗಿ, ಎಡತೋಳಿನ ಮೇಲೆ ಅಂಗೈಯಗಲದ ಹಸಿರು ಬಣ್ಣದ ಕಲೆ.

ಸರ್ ನನ್ನ ಕಾಗದವನ್ನು ಎತ್ತಿ ಹಿಡಿದರು. ಬಾಗಿಲಾಚೆಯಿಂದ ಕಳ್ಳನನ್ನು ಕರೆದರು. ನಮ್ಮ ವಿಭಾಗದ ಜವಾನ ಸಿದ್ರಾಮ ಟವೆಲ್ ಬಿಚ್ಚುತ್ತ, ನಾಚಿಕೊಂಡು ಒಳಗೆ ಬಂದ. ನಲವತ್ತು ದಾಟಿದವನು, ಗುಲ್ಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಸರ್ ಮಾತಿನ ಮೇಲೆ ಕಾಲೇಜಿಗೆ ಸೇರಿದ್ದವನು. ಹಿಂದಿನ ವಾರ ಕಿಟಕಿಗಳಿಗೆ ಹಸಿರು ಬಣ್ಣ ಹೊಡೆದಿದ್ದರಲ್ಲ, ಅದು ತೋಳಿಗೆ ಮೆತ್ತಿತ್ತು. "ಶಾಭಾಸ್! ಕಣ್ಣಂದ್ರ ಇವು" ಎಂದು ಸರ್ ಎಲ್ಲರೆದುರು ನನ್ನನ್ನು ಹೊಗಳಿದರು. ಆ ಹಸಿರು ಕಲೆಯನ್ನು ನಾನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದೆ. ಸಿದ್ರಾಮನೂ ಎದುರು ಸಿಕ್ಕಾಗಲೆಲ್ಲ ತೋಳು ತೋರಿಸಿ ನಗುತ್ತಿದ್ದ.

ಮುಂದಿನ ಜನವರಿಯಲ್ಲಿ ವಿಭಾಗದ ಕ್ಯಾಮೆರಾ ನಿಜವಾಗಿಯೂ ಕಳುವಾಯಿತು. ಮಧ್ಯಾಹ್ನದ ಹೊತ್ತು. ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ಕೆಳಗೆ ಒಬ್ಬ ಕೈಚೀಲ ಹಿಡಿದು ಸರಸರನೆ ಹೊರಗೆ ಹೋದ. ಖಾಕಿ ಅಂಗಿ. ಪ್ರಾಂಶುಪಾಲರು ಕರೆಸಿ ಬರೆದುಕೊಡು ಎಂದಾಗ ನಾನು ಹಿಂದೆಮುಂದೆ ನೋಡದೆ ಬರೆದುಕೊಟ್ಟೆ: ಹೋದವನು ಸಿದ್ರಾಮ, ಎಡತೋಳಿನ ಮೇಲೆ ಹಸಿರು ಬಣ್ಣದ ಕಲೆ ಇತ್ತು, ಸ್ಪಷ್ಟವಾಗಿ ಕಂಡೆ. ಕೆಳಗೆ ಸಹಿ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಮೆಟ್ಟಿಲು, ಆ ಬೆನ್ನು, ಆ ತೋಳಿನ ಮೇಲಿನ ಹಸಿರು ಕಲೆ ಎಲ್ಲ ಕಾಣುತ್ತದೆ. ಅದೇ ನನ್ನ ಭಯ.

ಸರ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ತಾವೇ ಕೆಲಸಕ್ಕೆ ಸೇರಿಸಿದ ಮನುಷ್ಯನ ವಿರುದ್ಧದ ಹೇಳಿಕೆ. ಆದರೂ ಓದಿ ಮುಗಿಸಿ, "ಸಾಕ್ಷಿ ಅಂದ್ರ ಹಿಂಗಿರಬೇಕು" ಎಂದರು. ಆ ಒಂದು ದಿನ, ಆ ಒಂದು ಕಾಗದದ ಮೇಲೆ, ಅವರು ಎರಡು ಗೆರೆ ಎಳೆಯಲಿಲ್ಲ.

ನಾನು ಬರೆದದ್ದು ಮರಾಠಿಯಲ್ಲಿ. ಸಿದ್ರಾಮನಿಗೆ ಅದನ್ನು ತೋರಿಸಿ, ಕೆಳಗೆ ಅವನ ಸಹಿಯನ್ನೂ ಹಾಕಿಸಿಕೊಂಡು, ಕೆಲಸದಿಂದ ತೆಗೆದರು. ಅವನಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಗೇಟಿನ ಹತ್ತಿರ ನನಗಾಗಿ ಕಾದು ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ.

"ಯವ್ವಾ, ನೀ ನನ್ನ ಕಂಡೀಯೇನ?" ಎಂದು ಕೇಳಿದ. ಸಿಟ್ಟಿರಲಿಲ್ಲ. "ನಾ ಹಿಂದಿನ ನಳದಾಗ ನೀರು ತುಂಬಾಕತ್ತಿದ್ದೆ ಅಂತ ನನ್ನ ನೆನಪು. ನೀ ಕಲ್ತಾಕಿ. ನೀ ಕಂಡೀನಿ ಅಂದ್ರ ನಾ ಅಲ್ಲೇ ಇದ್ದೆನೇನೋ."

ನಾನು ತಲೆ ತಗ್ಗಿಸಿ ಬಸ್ಸು ಹತ್ತಿದೆ.

ಮೂರು ವಾರದ ಮೇಲೆ ಸರ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಮೇಜು ಒರೆಸುವ ಬಟ್ಟೆ ಹರಡಿತ್ತು. ಖಾಕಿ ಬಟ್ಟೆ, ಹಳೆಯ ಅಂಗಿಯ ತೋಳು. ನಡುವೆ ಅಂಗೈಯಗಲದ ಹಸಿರು ಕಲೆ.

"ದೀಪಾವಳಿಗೆ ಜವಾನರಿಗೆಲ್ಲ ಹೊಸ ಅಂಗಿ ಕೊಟ್ಟಾರ" ಎಂದರು. "ಹಳೇದನ್ನ ಸಿದ್ರಾಮ ಹರದು ಒರಸೂ ಅರಿವಿ ಮಾಡ್ಯಾನ. ನವೆಂಬರದಿಂದ ಇದು ನನ್ನ ಕಣ್ಣ ಮುಂದ ಅದ, ಇದೇ ಮೇಜಿನ ಮ್ಯಾಲೆ. ದಿನಾ ನೋಡೀನಿ, ಕಂಡಿಲ್ಲ. ಜನವರಿಯೊಳಗ ಈ ಬಣ್ಣ ಅವನ ತೋಳಿನ ಮ್ಯಾಲೆ ಹೆಂಗ ಇರ್ತದವಾ?"

ಜುಲೈನ ನಾಟಕದ ತೋಳನ್ನು ತಂದು ನಾನು ಜನವರಿಯ ಯಾವನೋ ಒಬ್ಬನಿಗೆ ಅಂಟಿಸಿದ್ದೆ.

ಸರ್ ಒಂದು ಬಿಳಿ ಹಾಳೆ ತೆಗೆದು, ಎರಡು ಗೆರೆ ಎಳೆದು, ನನ್ನ ಕಡೆ ಸರಿಸಿದರು. "ತಪ್ಪು ನಿಂದಷ್ಟ ಅಲ್ಲ. ಅವಗ ಕಳ್ಳನ ಪಾರ್ಟು ಕೊಟ್ಟಾಂವ ನಾನು. ಮತ್ತ ಬರಿ. ಎರಡು ಹೆಜ್ಜಿ ಹಿಂದ ಸರಿಯೂದು ಕಲಿಸೀನಲ್ಲ?"

"ನಾಳೆ ಬರ್ಕೊಡ್ತೀನ್ರಿ ಸರ್" ಎಂದೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. "ಸಹಿ ಮಾಡಿದ್ದು ಮಾಡೀದಿ. ಈಗ ತಿರುಗಿ ಹೇಳಿದ್ರ ಸುಳ್ಳು ಸಾಕ್ಷಿ ಅಂತ ನಿನ್ನ ಮ್ಯಾಲೇ ಬರ್ತದ. ಪರೀಕ್ಷಾ ಹತ್ರ ಬಂದಾವ, ಸುಮ್ಮನಿರು" ಎಂದರು. ಅಪ್ಪನ ಹೆಸರು ಹೇಳಿ ನುಣುಚಿಕೊಳ್ಳುವುದು ಬೇಡ. ಅವರು ಹಾಗೆ ಹೇಳಲಿ ಎಂದೇ ನಾನು ಕೇಳಿದ್ದು. ಸರ್ ಆ ಬಟ್ಟೆಯ ತುಂಡು ಹಿಡಿದು ತಾವೊಬ್ಬರೇ ಪ್ರಾಂಶುಪಾಲರ ಬಳಿ ಹೋದರು. ಅವರು "ಸಾಕ್ಷೀದಾರ ಕುಠೆ ಆಹೆ, ಸರ್?" ಎಂದರಂತೆ. ಸಾಕ್ಷಿ ಹೇಳಿದವಳು ಎಲ್ಲಿ? ಸಾಕ್ಷಿ ಹೇಳಿದವಳು ಲೈಬ್ರರಿಯಲ್ಲಿ ಪುಸ್ತಕದೊಳಗೆ ಮುಖ ಹುದುಗಿಸಿ ಕೂತಿದ್ದಳು. ಸರ್ ಎರಡನೆಯ ಸಲ ನನ್ನನ್ನು ಕೇಳಲಿಲ್ಲ.

ಅವರು ನಾಟಕ ಆಡಿಸುವುದನ್ನು ನಿಲ್ಲಿಸಿದರು. ರವಿವಾರ ಬಂದರೆ ಸ್ಕೂಟರ್ ಹತ್ತಿ ಸಿದ್ರಾಮನನ್ನು ಹುಡುಕಲು ಹೋಗುತ್ತಿದ್ದರು. ಆಗ ಪುಣೆಯಂಚಿನ ವಾಕಡ, ಖರಾಡಿಗಳಲ್ಲಿ ಹೊಲಗಳ ನಡುವೆ ಕಟ್ಟಡ ಏಳುತ್ತಿದ್ದವು. ಪ್ರತಿ ಕಟ್ಟಡದ ಪಕ್ಕ ತಗಡಿನ ಗುಡಿಸಲು, ಒಳಗೆ ನಮ್ಮ ಕಡೆಯ ಮಾತು. ನಾನು ಒಂದು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಜೊತೆಗೆ ಹೋದೆ. ವಾಕಡದಲ್ಲಿ ಮೂರನೆಯ ಅಂತಸ್ತಿನ ಸಾರುವೆಯ ಮೇಲೆ ಬೆನ್ನು ತಿರುಗಿಸಿ ನಿಂತವನನ್ನು ತೋರಿಸಿ, "ಸರ್, ಅವನೇ!" ಎಂದು ಕೂಗಿಬಿಟ್ಟೆ. ಸರ್ ಏದುಸಿರು ಬಿಡುತ್ತ ಅಷ್ಟೂ ಮೆಟ್ಟಿಲು ಹತ್ತಿದರು. ತಿರುಗಿದವನು ಬೇರೆ ಯಾರೋ. ಇಳಿದು ಬಂದು ಸ್ಕೂಟರಿಗೆ ಒರಗಿ ನಿಂತರು. ನನ್ನನ್ನು ಬೈಯಲೂ ಇಲ್ಲ. ಅವತ್ತಿನಿಂದ ಸಿದ್ರಾಮ ನನಗೆ ಎಲ್ಲೆಲ್ಲೂ ಕಾಣತೊಡಗಿದ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಹೊಸ ವಸತಿ ಸೊಸೈಟಿಗಳ ಗೇಟಿನಲ್ಲಿ ಕಾವಲುಗಾರನ ಅಂಗಿ ತೊಟ್ಟು.

ಸರ್ ಅವರನ್ನು ಕೊನೆಯ ಸಲ ಕಂಡದ್ದು ಅವರ ಖಡಕಿಯ ಮನೆಯಲ್ಲಿ. ಆ ಕಾಗದಕ್ಕೆ ನಾನು ಸಹಿ ಹಾಕಿ ಹನ್ನೊಂದು ವರ್ಷವಾಗಿತ್ತು. ಸರ್ ಬಹಳ ಇಳಿದುಹೋಗಿದ್ದರು. ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಸ್ತೂರಿಬಾಯಿಯವರು ಅವಲಕ್ಕಿ ತಂದುಕೊಟ್ಟರು.

"ಮೊನ್ನೆ ಸಿದ್ರಾಮ ಬಂದಿದ್ದ" ಎಂದರು ಸರ್. "ಅಲ್ಲೇ, ಗೇಟಿನ ಹಂತ್ಯಾಕ ನಿಂತಿದ್ದ. ಹೊಸ ಅಂಗಿ ಹಾಕ್ಕೊಂಡಿದ್ದ. ತೋಳಿನ ಮ್ಯಾಲೆ ಏನೂ ಇರಲಿಲ್ಲ."

ಅವರ ಹಿಂದೆ ನಿಂತಿದ್ದ ಕಸ್ತೂರಿಬಾಯಿಯವರು ಇಲ್ಲ ಎಂದು ತಲೆಯಾಡಿಸಿದರು. ನಾನು ಸುಮ್ಮನಿರಬಹುದಾಗಿತ್ತು. ಕಲಿತ ವಿದ್ಯೆ ಬಿಡಲಿಲ್ಲ.

"ಕಂಡಿರೋ, ಕೇಳಿದಿರೋ, ಅನ್ಕೊಂಡಿರೋ, ಸರ್?"

ಅವರು ಗೇಟಿನ ಕಡೆ ಮುಖ ತಿರುಗಿಸಿದರು. "ಅದನ್ನ ಕೇಳಬ್ಯಾಡವಾ" ಎಂದರು.

ಜೀವಮಾನವೆಲ್ಲ ಕಂಡಕಂಡವರಿಗೆ ಅದೊಂದನ್ನೇ ಕೇಳಿದ ಮನುಷ್ಯ ಹಾಗೆ ಬೇಡಿಕೊಂಡದ್ದನ್ನು ನನ್ನಿಂದ ತಾಳಲಾಗಲಿಲ್ಲ. ಅಳು ಬಂತು. ಒಳಗೆ ಹೋಗಿ ಅವರ ಮೇಜಿನಿಂದ ಒಂದು ಹಾಳೆ ತಂದೆ. ಅದರ ಮೇಲೆ ಎರಡು ಗೆರೆ ಮೊದಲೇ ಇದ್ದವು. ಪೆನ್ನು ತೆಗೆದು ಮರಾಠಿಯಲ್ಲಿ ಶುರುಮಾಡಿದೆ.

"ಕನ್ನಡದಾಗ ಬರಿ" ಎಂದರು. "ಅವಗ ಓದಾಕ ಬರೂದು ಅದೊಂದ."

ಮೊದಲ ಮನೆಯಲ್ಲಿ ಬರೆದೆ: ಖಾಕಿ ಅಂಗಿಯ ಒಂದು ಬೆನ್ನು. ಎರಡನೆಯ ಮನೆಯಲ್ಲಿ ಬರೆಯುವುದೇನೂ ಇರಲಿಲ್ಲ. ಮೂರನೆಯದರಲ್ಲಿ ಬರೆದೆ: ಸಿದ್ರಾಮ. ಹಸಿರು ಕಲೆ. ಕೆಳಗೆ ಸಹಿ ಮಾಡಿ ಕೊಟ್ಟೆ. ಸರ್ ಕನ್ನಡಕ ಏರಿಸಿಕೊಂಡು ಓದಿ, ನನ್ನ ಸಹಿಯ ಪಕ್ಕದಲ್ಲಿ ಬೆರಳಿಟ್ಟರು. ಯಾವ ಭ್ರಮೆಯಲ್ಲಿದ್ದೆನೋ, ನಾನು ಅಲ್ಲಿ ಹನ್ನೊಂದು ವರ್ಷದ ಹಿಂದಿನ ತಾರೀಖು ಹಾಕಿದ್ದೆ.

"ಇವತ್ತಿಂದು ಹಾಕು" ಎಂದರು. "ಇಲ್ಲಾಂದ್ರ ಇದೂ ಸುಳ್ಳಾಗ್ತದ."

ಹೊಡೆದುಹಾಕಿ ಅವತ್ತಿನದು ಬರೆದೆ. ಅವರು ಅದನ್ನು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ. ಮಡಿಸಿ ನನ್ನ ಕೈಗೇ ಕೊಟ್ಟು, "ಅವಗ ನೀನೇ ಕೊಡಬೇಕು" ಎಂದರು. ಅದಾದ ಎರಡು ತಿಂಗಳಿಗೆ ಸರ್ ಹೋದರು.

ಆ ಕಾಗದ ನನ್ನ ಚೀಲದಲ್ಲಿದೆ. ತನಿಖೆಗೆಂದು ದಿನಕ್ಕೆ ನಾಲ್ಕಾರು ಸೊಸೈಟಿಗಳಿಗೆ ಹೋಗುತ್ತೇನೆ. ಗೇಟಿನಲ್ಲಿ ಕಾವಲುಗಾರ ಹೆಸರು ಬರೆಯಲು ಪುಸ್ತಕ ಮುಂದೆ ಚಾಚುತ್ತಾನೆ. ನಾನು ಅವನ ಮುಖ ನೋಡುವ ಮೊದಲು ಎಡತೋಳು ನೋಡುತ್ತೇನೆ. ಅಲ್ಲಿ ಏನೂ ಇರುವುದಿಲ್ಲ. ಆಮೇಲೆ, ಎರಡು ಹೆಜ್ಜೆ ಹಿಂದೆ ಸರಿದು, ಅವನ ಊರು ಯಾವುದು ಎಂದು ಕನ್ನಡದಲ್ಲಿ ಕೇಳುತ್ತೇನೆ.