ಮೇಲಿನ ಅರ್ಧ ತಿಪ್ಪೆ

ಮೊನ್ನೆ ನಿಮ್ಮ ಹಿತ್ತಲ ಬದನೆ ಗಿಡ ಸುಟ್ಟಂತಾದಾಗ, 'ಆಯಿ, ಗೊಬ್ಬರ ಹಾಕೀವಲ್ಲ, ಯಾಕ ಹಿಂಗಾತು?' ಎಂದು ಕೇಳಿದಿರಿ. ಹಸಿ ಗೊಬ್ಬರ ಎಂದಷ್ಟೇ ಹೇಳಿ ಒಳಗೆ ಹೋದೆ. ಬಾಯಿಂದ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಗೆ ಆಗ ನಿಜಾಮರ ಆಳ್ವಿಕೆ. ಗಂಡನ ಅಣ್ಣ, ನನ್ನ ಭಾವ, ವರ್ಷ ತುಂಬುವುದರೊಳಗೆ ಪಾಲು ಮಾಡಿಸಿದ. ಹೊಲ ತಾನೇ ಇಟ್ಟುಕೊಂಡ. ನನಗೆ ಒಂದು ಕೋಣೆ, ಒಂದು ಎಮ್ಮೆ, ಬಾವಿಯ ಪಕ್ಕದ ನಾಲ್ಕು ಮಡಿ. ಆ ಮಡಿಗಳಲ್ಲಿ ಕಾಯಿಪಲ್ಯ ಬೆಳೆದು, ಅದನ್ನು ಕೊಟ್ಟು ಜೋಳ ತಂದರೆ ನಮ್ಮಿಬ್ಬರ ಒಲೆ ಉರಿಯಬೇಕು. ಇಲ್ಲವಾದರೆ ಭಾವನ ಒಲೆಯ ಮುಂದೆ ತಟ್ಟೆ ಹಿಡಿದು ಕೂಡಬೇಕು.

ನಮ್ಮ ಕಡೆ ಮನೆ ಒಡೆದರೆ ತಿಪ್ಪೆಯೂ ಪಾಲು. ನಡುವೆ ಹಗ್ಗ ಹಿಡಿದು, ಮೇಲಿಂದ ತಳದವರೆಗೆ ರೊಟ್ಟಿ ಮುರಿದಂತೆ ಎರಡು ಮಾಡುವುದು ರೂಢಿ. ಆ ತಿಪ್ಪೆಗೆ ದಿನವೂ ಬುಟ್ಟಿ ಹೊತ್ತವಳು ನಾನು. ತಳದಲ್ಲಿ ಎರಡು ಮಳೆಗಾಲ ಕಂಡ ಗೊಬ್ಬರವಿತ್ತು. ಕಪ್ಪಗೆ, ಹುಡಿಹುಡಿಯಾಗಿ, ಮೂಗಿಗೆ ಹಿಡಿದರೆ ಮಣ್ಣಿನದೇ ವಾಸನೆ. ಮೇಲೆ ನಿನ್ನೆ ಮೊನ್ನೆಯ ಸಗಣಿ, ಕೈ ಹಾಕಿದರೆ ಬಿಸಿ. ಆ ದೀಪಾವಳಿಗೆ ಸಗಣಿಯಲ್ಲಿ ಹಟ್ಟೆವ್ವ ದೇವಿಯನ್ನು ಮಾಡಿ ಹೂ ಏರಿಸುವಾಗ ನನ್ನನ್ನು ದೂರ ನಿಲ್ಲಿಸಿದರು, ಗಂಡ ಸತ್ತವಳ ಕೈ ಎಂದು. ಮರುದಿನ ಸಗಣಿ ಹೊರಲು ಅದೇ ಕೈ ಬೇಕಾಯಿತು.

ಪಾಲಿನ ದಿನ ಹಿರಿಯರು ಹಗ್ಗ ತಂದರು. ಭಾವ ಬೇಡವೆಂದ.

'ಹೆಣ್ಣಮಗಳು, ಒಬ್ಬಾಕಿ. ತಳಾ ಅಗಿಯಾಕ ಆಕಿಗೆ ಎಲ್ಲಿ ಆಕ್ಕೈತ್ರಿ? ಮ್ಯಾಲಿನ ಅರ್ಧ ಆಕಿಗಿರ್ಲಿ.'

'ತಮ್ಮನ ಹೇಣ್ತಿ ಮ್ಯಾಲ ಭಾಳ ಕಾಳಜಿ ನೋಡ್ರಿ ಇವಂದು' ಎಂದು ಒಬ್ಬ ಮುದುಕ ನಕ್ಕ. ಆಮೇಲೆ ಬಾಗಿಲ ಕಡೆ ತಿರುಗಿ, 'ಏನವಾ, ಒಪ್ಪಿಗಿ ಐತೇನು?' ಎಂದ.

ನಾನು ಬಾಗಿಲ ಹಿಂದೆ ಸೆರಗು ಬಾಯಿಗೊತ್ತಿ ನಿಂತಿದ್ದೆ. 'ಹಗ್ಗ ಹಿಡೀರಿ' ಎಂದಿದ್ದರೆ ಸಾಕಿತ್ತು. ಆ ಮಾತು ಹೊರಬರಲಿಲ್ಲ. ಪಕ್ಕದಲ್ಲಿ ಭಾವನ ಹೆಂಡತಿ ಇದ್ದಳು. ದಿನಾ ನನ್ನ ತಲೆಗೆ ಬುಟ್ಟಿ ಎತ್ತಿಡುತ್ತಿದ್ದವಳು, ತಳದಲ್ಲೇನಿದೆ ಎಂದು ಬಲ್ಲವಳು. 'ಹೂಂ ಅಂತಾಳ್ರಿ' ಎಂದು ಅವಳೇ ಕೂಗಿ ಹೇಳಿದಳು.

ಸಸಿ ನೆಡುವ ಹೊತ್ತು ಮೀರುತ್ತಿತ್ತು. ಒಲೆಯ ಬೂದಿ ಕಲಸಿದರೆ ಕಾವು ಇಳಿದೀತು ಎಂದುಕೊಂಡು ಆ ಹಸಿಯನ್ನೇ ಮಡಿಗೆ ಹಾಕಿದೆ. ಎಂಟು ದಿನದಲ್ಲಿ ಬದನೆ ಎಲೆಯ ಅಂಚು ಕೆಂಪಾಯಿತು. ಕಿತ್ತು ನೋಡಿದರೆ ಬೇರು ಬೆಂದಿತ್ತು. ಆ ವರ್ಷ ಪೂರ್ತಿ ಮಗನನ್ನು ಕಂಕುಳಲ್ಲಿಟ್ಟುಕೊಂಡು ಭಾವನ ಒಲೆಯ ಮುಂದೆ ಕೂತೆ. 'ಗೊಬ್ಬರ ಕೊಟ್ಟರೂ ಬೆಳ್ಯಾಕ ಬರಲಿಲ್ಲ ಈಕಿಗೆ' ಎನ್ನುತ್ತ ಅವನು ಉಣ್ಣುತ್ತಿದ್ದ.

ಗೋಡೆಯ ಮೂಲೆಯಲ್ಲಿ ನನ್ನದೇ ಗುಂಡಿ ತೋಡಿದೆ. ಎಮ್ಮೆಯ ಸಗಣಿ, ಕಸ, ಮೇಲೆ ಮಣ್ಣು. ನೀರು ಚಿಮುಕಿಸಿದೆ, ತಿರುವಿ ಹಾಕಿದೆ, ಕಾದೆ. ಮುಂದಿನ ವರ್ಷ ನಾಲ್ಕೂ ಮಡಿ ತುಂಬಿ ಬಂದವು. ನಮ್ಮ ಒಲೆ ಹೊತ್ತಿತು.

ಆಗ ಭಾವನ ಹೆಂಡತಿ ಖಾಲಿ ಬುಟ್ಟಿ ಹಿಡಿದು ಬಂದಳು. 'ತಂಗೀ, ಎರಡು ಬುಟ್ಟಿ ಗೊಬ್ಬರ ಕೊಡವಾ. ನಮ್ಮಾತ ಎಲ್ಲಾ ಹೊಲಕ್ಕ ಹೇರ್ಯಾನ. ಮೆಣಸಿನ ಸಸಿ ನಿಂತಾವ.'

'ಮ್ಯಾಲಿಂದು ತುಂಬ್ಕೊ ಅಕ್ಕಾ. ತಳಾ ಅಗಿಯಾಕ ನಿನಗೆಲ್ಲಿ ಆಕ್ಕೈತಿ?'

ಅವಳು ನನ್ನ ಮುಖ ನೋಡಿದಳು. ಖಾಲಿ ಬುಟ್ಟಿಯನ್ನೇ ತೆಗೆದುಕೊಂಡು ಹೋದಳು. ಸಸಿಗಳನ್ನು ಬರಿ ಮಣ್ಣಿಗೆ ನೆಟ್ಟಳು. ಗೇಣುದ್ದವೂ ಏಳದೆ ಎಲೆ ಮುದುರಿಕೊಂಡು ನಿಂತವು. ಗೋಡೆಯ ಈಚೆಯಿಂದ ನಾನು ದಿನಾ ನೋಡುತ್ತಿದ್ದೆ. ನನ್ನ ಗುಂಡಿಯಲ್ಲಿ ಮಾಗಿದ ಗೊಬ್ಬರ ಮಿಕ್ಕಿತ್ತು. ಒಂದು ಬುಟ್ಟಿ ಗೋಡೆ ದಾಟಿಸಬಹುದಿತ್ತು, ದಾಟಿಸಲಿಲ್ಲ.

ಬಾಗಿಲ ಹಿಂದೆ ಹೂತುಹೋದ ಮಾತು ಕೊನೆಗೂ ಹೊರಬಂದದ್ದು ಅವಳ ಮೇಲೆ. ಭಾವನಿಗೆ ಅವನು ಸಾಯುವವರೆಗೂ ನಾನು ಏನೂ ಅನ್ನಲಿಲ್ಲ. ಅವನು ಅಂಗಳಕ್ಕೆ ಬಂದರೆ ಎದ್ದು ನಿಲ್ಲುತ್ತಿದ್ದೆ, ಸೆರಗು ಬಾಯಿಗೊತ್ತಿ.