ಗಿಳಿಹಸಿರು ಸೀರೆ

ವಾಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಭೀಮಬಾಯಿ ದಸರೆಗೆ ಚೆಂಡುಹೂವು ಬಿಟ್ಟು ಬೇರೇನೂ ಕೊಳ್ಳುವುದಿಲ್ಲ. ಅಲಂಕಾರಕ್ಕೆ ಟ್ರಂಕಿನ ಸೀರೆಗಳನ್ನೇ ಗೋಡೆಗೆ ಕಟ್ಟುತ್ತಾರೆ. ಮುಧೋಳದಿಂದ ನನ್ನ ಅತ್ತೆ ಬರುವ ದಿನ ನಮ್ಮ ಮನೆಗೂ ನುಗ್ಗಿ ನನ್ನ ಟ್ರಂಕು ತೆಗೆದರು. ನಾನು ಮಗುವಿಗೆ ಉಣಿಸಿ ಬರುವಷ್ಟರಲ್ಲಿ ನಡುಮನೆ ಮದುವೆ ಮಂಟಪವಾಗಿತ್ತು. ಎದುರಿಗೇ ತೂಗುತ್ತಿತ್ತು, ಅತ್ತೆ ಕೊಟ್ಟಿದ್ದ, ನಾನು ಒಮ್ಮೆಯೂ ಉಡದ ಗಿಳಿಹಸಿರು ಸೀರೆ.

"ಅದೊಂದು ತೆಗೀರಿ ಅಕ್ಕ, ಅತ್ತಿ ನೊಂದ್ಕೋತಾರ" ಎನ್ನುವಷ್ಟರಲ್ಲಿ ಅತ್ತೆ ಹೊಸ್ತಿಲಲ್ಲಿದ್ದರು. ನೇರ ಬಂದು ಅದರ ಸೆರಗನ್ನೇ ಹಿಡಿದರು.

"ಇದು ನಮ್ಮತ್ತಿ ನನಗ ಕೊಟ್ಟಿದ್ದವ್ವ" ಎಂದರು. "ಭಾಳ ಕಣ್ಣಿಗಿ ಹೊಡೀತದಂತ ನಾನೂ ಉಟ್ಟಿಲ್ಲ."

ಭೀಮಬಾಯಿ ಸ್ಟೂಲಿನ ಮೇಲಿಂದಲೇ, "ಕಡೀಗಿ ಗ್ವಾಡಿ ಉಟ್ಟದ ನೋಡ್ರಿ" ಎಂದರು.

ಅತ್ತೆ ನಗು ತಡೆಯಲಾರದೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು.